ಎಂಟು ತಾಸಿನ ರೇಸಿಗೊಬ್ಬ ಕಂಡಕ್ಟರು

ಕಳೆದ ವಾರ ನಮ್ಮ ಬಸ್ಸಿನ ಸೀಟುಗಳಿಗೆ ಹೊಸ ಹೊದಿಕೆ ಹಾಕಿದರು. ಬೆಳಿಗ್ಗೆ ಗಂಗಾವತಿ ಡಿಪೋದಲ್ಲಿ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಹೊಸ ರೆಕ್ಸಿನ್ನಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಕನಕಗಿರಿ ಮುಟ್ಟುವುದರೊಳಗೆ ಇಬ್ಬರು ಹೆಂಗಸರು ಮೂಗಿಗೆ ಸೆರಗು ಹಿಡಿದು ಕಿಟಕಿ ಪಕ್ಕದ ಸೀಟಿಗೆ ಜಗಳ ತೆಗೆದರು. ನನಗೆ ಮಾತ್ರ ಆ ವಾಸನೆಗೆ ಹೋದ ವರ್ಷದ ಒಂದು ಭಾನುವಾರ ನೆನಪಾಯಿತು. ನೆನಪಿನಲ್ಲೇ ಮುಳುಗಿ ಕುಷ್ಟಗಿ ಕೇಳಿದವರಿಗೆ ತಾವರಗೇರಾದ ಟಿಕೆಟ್ ಕೊಟ್ಟು ಬೈಸಿಕೊಂಡೆ.

ನಾನು ಬಸ್ ಕಂಡಕ್ಟರು. ಹದಿನಾಲ್ಕು ವರ್ಷದಿಂದ ಇದೇ ಗಂಗಾವತಿ–ಕುಷ್ಟಗಿ ರೂಟು. ಈ ರೂಟಿನಲ್ಲಿ ನನ್ನ ಬಾಯಿ ಹೆಸರುವಾಸಿ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮೆಟ್ಟಿಲ ಮೇಲೆ ಜೋತಾಡುವ ಕಾಲೇಜು ಹುಡುಗರು ನನ್ನ ದನಿ ಕೇಳಿದ ಕೂಡಲೇ ಒಳಗೆ ಸರಿಯುತ್ತಾರೆ. ನನ್ನ ಗಂಡ ವಾರಕ್ಕೊಮ್ಮೆಯಾದರೂ, "ಮನ್ಯಾಗರ ಸಣ್ಣ ದನೀಲೆ ಮಾತಾಡು, ಇದು ಬಸ್ಸಲ್ಲ" ಎನ್ನುತ್ತಾರೆ. ಇಂಥ ಬಾಯಿ ಬೇಕಾದ ಒಂದು ದಿನ ಕೆಲಸಕ್ಕೆ ಬರಲಿಲ್ಲ. ನಾನು ನಿಮಗೆ ಹೇಳಹೊರಟಿರುವುದು ಅದನ್ನೇ.

ಹನ್ನೊಂದು ವರ್ಷ ನನ್ನ ಬಸ್ಸಿನ ಡ್ರೈವರು ಬಸಪ್ಪಣ್ಣ. ಎತ್ತರದ ಆಳು, ಮಿತಭಾಷಿ. ಸ್ಟೇರಿಂಗ್ ಹಿಡಿದರೆಂದರೆ ಪಕ್ಕದಲ್ಲಿ ಮದುವೆ ದಿಬ್ಬಣ ಹೋದರೂ ತಿರುಗಿ ನೋಡುವವರಲ್ಲ. ಡ್ರೈವರಿಗೆ ಮುಂದಿನ ದಾರಿ ಕಾಣುತ್ತದೆ; ಹಿಂದೆ ಯಾವ ಮುದುಕಿಯ ಕಾಲು ಇನ್ನೂ ಮೆಟ್ಟಿಲ ಮೇಲಿದೆ ಎಂಬುದು ಕಂಡಕ್ಟರಿಗೇ ಕಾಣುವುದು. ಆದ್ದರಿಂದ ನಿಲ್ಲಬೇಕಾದರೆ ನಾನು "ಹೋಲ್ಡಾನ್" ಎನ್ನಬೇಕು, ಹೊರಡಬೇಕಾದರೆ "ರೈಟ್" ಎನ್ನಬೇಕು. ಎಷ್ಟೇ ತಡವಾಗಿರಲಿ, ನಾನು ರೈಟ್ ಎನ್ನದೆ ಬಸಪ್ಪಣ್ಣ ಗೇರು ಹಾಕಿದವರಲ್ಲ. ನಾನು ಹೋಲ್ಡಾನ್ ಎಂದರೆ ಯಾಕೆ ಎಂದು ಒಮ್ಮೆಯೂ ಕೇಳಿದವರಲ್ಲ. ಗಂಡ ಹೆಂಡಿರ ನಡುವೆ ಕೂಡ ಇಷ್ಟು ನಂಬಿಕೆ ಇರುವುದನ್ನು ನಾನು ಕಂಡಿಲ್ಲ. ನಮ್ಮ ಮನೆಯಲ್ಲಂತೂ ಇಲ್ಲ.

ಹನ್ನೊಂದನೆಯ ವರ್ಷ ಅವರ ಬಲಗಾಲು ಜೋಮು ಹಿಡಿಯತೊಡಗಿತು. ಸೊಂಟದ ನರದ ತೊಂದರೆ. ಸ್ಟಾಪಿನಲ್ಲಿ ನಿಂತಾಗ ಎಡಗೈಯಿಂದ ಬಲದೊಡೆಗೆ ಪಟಪಟ ಹೊಡೆದುಕೊಳ್ಳುತ್ತಿದ್ದರು. ನಾನು ಒಂದು ತಿಂಗಳು ಅದನ್ನು ನೋಡಿದೆ. ಏನೂ ಕೇಳಲಿಲ್ಲ. ಆಮೇಲೆ ಹುಣ್ಣಿಮೆಯ ದಿನ ಹುಲಿಗಿಗೆ ಸ್ಪೆಷಲ್ ಬಿಟ್ಟಿದ್ದರು. ಹುಲಿಗೆಮ್ಮನ ಗುಡಿಗೆ ಹೋಗುವ ಜನ ರಸ್ತೆ ತುಂಬ ಇದ್ದರು. ಬಸಪ್ಪಣ್ಣನ ಕಾಲು ಬ್ರೇಕಿಗೆ ಹೋಗುವುದು ಒಂದು ಕ್ಷಣ ತಡವಾಗಿ, ಬಸ್ಸಿನ ಮೂತಿ ಕಬ್ಬಿನ ಹಾಲಿನ ಗಾಡಿಯ ಗಾಲಿಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಗಾಡಿಯವನು ಬೈದ, ನಾವು ಕೈಮುಗಿದೆವು, ಅಷ್ಟೆ. ಮರುದಿನ ನಾನು ಡಿಪೋದಲ್ಲಿ ಅವರ ಕಾಲಿನ ಬಗ್ಗೆ ಮೂರು ಸಾಲಿನ ವರದಿ ಬರೆದುಕೊಟ್ಟೆ. ಬಸಪ್ಪಣ್ಣನನ್ನು ಸ್ಟೇರಿಂಗಿನಿಂದ ತೆಗೆದು ಟಯರ್ ವಿಭಾಗಕ್ಕೆ ಹಾಕಿದರು. ಯಾರು ಬರೆದದ್ದು ಎಂದು ಅವರಿಗೆ ಗೊತ್ತಿತ್ತು. ಡಿಪೋದಲ್ಲಿ ಇಂಥವು ಮುಚ್ಚಿಡುವಂಥವಲ್ಲ.

ಬರೆದದ್ದು ತಪ್ಪಲ್ಲ ಎಂದು ಆವತ್ತೂ ಗೊತ್ತಿತ್ತು, ಇವತ್ತೂ ಗೊತ್ತಿದೆ. ಆದರೂ ಡಿಪೋದಲ್ಲಿ ಅವರಿಗೆ ಮುಖ ಕೊಡಲು ಆಗುತ್ತಿರಲಿಲ್ಲ. ನನ್ನನ್ನು ಕಂಡರೆ ಅವರು ಟಯರಿನ ಕಡೆ ತಿರುಗುತ್ತಿದ್ದರು, ನಾನು ಟಿಕೆಟ್ ಮಶೀನಿನಲ್ಲಿ ಏನೋ ಕೆಟ್ಟಿದೆ ಎಂಬಂತೆ ಬಟನ್ ಒತ್ತುತ್ತ ಹೋಗುತ್ತಿದ್ದೆ. ನಾಲ್ಕು ತಿಂಗಳು ಹೀಗೇ ಕಳೆಯಿತು.

ನಾವು ಇರುವುದು ಗಂಗಾವತಿಯಲ್ಲಿ ಒಂದು ಡ್ರೈವಿಂಗ್ ಸ್ಕೂಲಿನ ಮೇಲಿನ ಮನೆಯಲ್ಲಿ. ಸ್ಕೂಲು ನಡೆಸುವವಳು ರೆಹಾನಾ. ತಂದೆ ತೀರಿಕೊಂಡ ಮೇಲೆ ಅವಳೇ ಊರ ಅರ್ಧ ಜನಕ್ಕೆ ಕ್ಲಚ್ಚು ಬ್ರೇಕು ಕಲಿಸುತ್ತಿದ್ದಾಳೆ. ಹೊಸಬರ ಕೈ ಕಾಲು ಪಳಗಲಿ ಎಂದು ಒಂದು ಕೋಣೆಯಲ್ಲಿ ಕಬ್ಬಿಣದ ಚೌಕಟ್ಟಿಗೆ ಸ್ಟೇರಿಂಗ್, ಪೆಡಲು, ಎದುರಿಗೆ ದೊಡ್ಡ ಪರದೆ ಜೋಡಿಸಿದ್ದಳು. ಅವಳ ಅಣ್ಣ ಸಾದಿಕ್ ಸೀಟು ಹೊಲಿಯುವ ಕಸುಬಿನವನು. ಅದಕ್ಕೆ ಆಗಷ್ಟೇ ಹೊಸ ಕೆಂಪು ರೆಕ್ಸಿನ್ನಿನ ಸೀಟು ಕೂರಿಸಿದ್ದ. ಕ್ಲಾಸು ಮುಗಿದ ಮೇಲೆ ಅಣ್ಣ ತಂಗಿ ಅದರಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಕಾರ್ ರೇಸು ಆಡುತ್ತಿದ್ದರು. ನಾನು ಅದನ್ನು ಮಕ್ಕಳಾಟವೆಂದು ತಿಳಿದು, ದೊಡ್ಡವರ ಗತ್ತಿನಲ್ಲಿ ಮೆಟ್ಟಿಲು ಹತ್ತಿ ಹೋಗುತ್ತಿದ್ದೆ.

ಒಂದು ದಿನ ರೆಹಾನಾ ಮೆಟ್ಟಿಲಲ್ಲೇ ತಡೆದಳು. ಎಂಟು ತಾಸಿನ ರೇಸಂತೆ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ. ಒಂದೇ ಕಾರು, ಮೂರು ಜನ ಸರದಿಯಲ್ಲಿ ಓಡಿಸಬೇಕು. ಪ್ರತಿಯೊಬ್ಬರೂ ಕನಿಷ್ಠ ಒಂದೂವರೆ ತಾಸು ಓಡಿಸದಿದ್ದರೆ ತಂಡದ ಹೆಸರು ಪಟ್ಟಿಯಿಂದ ಹೊರಗೆ. ಹಿಂದಿನ ವರ್ಷ ಆರನೆಯ ತಾಸಿನಲ್ಲಿ ಇವರ ಕಾರು ಗೋಡೆಗೆ ಗುದ್ದಿ ಎಲ್ಲ ಮುಗಿದಿತ್ತು. ಈ ಸಲ ಮೂರನೆಯವನಾಗಿದ್ದ ಗಿಣಿಗೇರಾದ ಗೆಳೆಯ ಕಾರ್ಖಾನೆಯಲ್ಲಿ ಪಾಳಿ ಬದಲಾಗಿ ಕೈಕೊಟ್ಟಿದ್ದ.

"ಅಕ್ಕಾ, ನಿಮ್ಮ ಡಿಪೋದಾಗ ಯಾರರ ಅದಾರೇನ್ರಿ? ಜೋರ್ ಹೊಡಿಯೋದು ಬ್ಯಾಡ. ಯಾರಿಗೂ ಗುದ್ದದ ಹೊಡೀಬೇಕು. ಕಡೀ ನಂಬರ್ ಬಂದ್ರೂ ಸೈ, ಪಟ್ಯಾಗ ನಮ್ಮ ಹೆಸರು ಇರಬೇಕು."

ಯೋಚಿಸುವ ಮೊದಲೇ ನನ್ನ ಬಾಯಿಯಿಂದ ಬಸಪ್ಪಣ್ಣನ ಹೆಸರು ಬಿದ್ದುಹೋಯಿತು. ಕೇಳಲು ನಾನು ಹೋಗಲಿಲ್ಲ, ಅವಳನ್ನೇ ಕಳಿಸಿದೆ. ಅವರು ಒಪ್ಪುತ್ತಾರೆಂದು ನನಗೆ ಅನ್ನಿಸಿರಲಿಲ್ಲ. ಒಪ್ಪಿದರು. ಹತ್ತು ದಿನ ಡ್ಯೂಟಿ ಮುಗಿಸಿ ಬಂದು ಅಭ್ಯಾಸ ಮಾಡಿದರು. ನಾನು ಹತ್ತೂ ದಿನ ಹಿತ್ತಲ ಮೆಟ್ಟಿಲಿನಿಂದ ಓಡಾಡಿದೆ. ಒಂದು ಸಂಜೆ ಕಿಟಕಿಯಿಂದ ಅವರ ಮಾತು ಮೇಲೆ ಕೇಳಿಸಿತು.

"ನೋಡವಾ ರೆಹಾನಾ, ನಂದು ಒಂದ ಲೆಕ್ಕ. ಅವತ್ತು ಒಂದೂವರಿ ತಾಸು ಕಾಲು ನನ್ನ ಮಾತು ಕೇಳಿತಂದ್ರ, ಮರುದಿನನ ಸ್ಟೇರಿಂಗ್ ಕೊಡ್ರಿ ಅಂತ ಅರ್ಜಿ ಕೊಡಾಂವ. ಬರದು ಕಿಸೇದಾಗ ಇಟ್ಕೊಂಡೀನಿ."

ಹಾಗಾಗಿ ರೇಸಿನ ಆ ಭಾನುವಾರ ನಾನು ಕೆಳಗೆ ಹೋಗಲೇಬೇಕಾಯಿತು. ಚಹಾ ಮಾಡುವ ನೆಪ ಇಟ್ಟುಕೊಂಡು, ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು, ಅವರ ಬೆನ್ನಿಗೆ ಕೂತೆ.

ಬಸಪ್ಪಣ್ಣನ ಮೊದಲ ಸರದಿ ಐವತ್ತು ನಿಮಿಷ. ರೇಸಿನಲ್ಲಿ ಅಷ್ಟು ಸಭ್ಯ ಡ್ರೈವರನ್ನು ಆ ಕಂಪ್ಯೂಟರು ಕಂಡಿರಲಿಕ್ಕಿಲ್ಲ. ಹಿಂದಿನಿಂದ ಜೋರಾಗಿ ಬಂದವರಿಗೆಲ್ಲ ಬಲಗೈ ಹೊರಗೆ ಚಾಚಿ "ಹೋಗಪಾ" ಎಂದು ದಾರಿ ಬಿಟ್ಟರು. ಎರಡನೆಯ ಸಲ ಚಾಚಿದಾಗ ಸಾದಿಕ್‌ನ ಚಹಾದ ಗ್ಲಾಸು ನೆಲಕ್ಕೆ ಬಿತ್ತು. ನಡುವೆ ಒಮ್ಮೆ ಪೆಟ್ರೋಲಿಗೆಂದು ಕಾರನ್ನು ಪಕ್ಕದ ನಿಲ್ದಾಣಕ್ಕೆ ತಂದರು. ಪೆಟ್ರೋಲ್ ತುಂಬಿತು, ಪರದೆಯ ಮೇಲೆ ಹಸಿರು ದೀಪ ಹತ್ತಿತು. ಕಾರು ಮಾತ್ರ ನಿಂತಲ್ಲೇ ನಿಂತಿತ್ತು.

"ಹೋಗ್ರಿ ಅಣ್ಣಾರ, ಟೈಮ್ ಹೊಂಟೈತಿ" ಎಂದು ಸಾದಿಕ್ ಚಡಪಡಿಸಿದ.

ಬಸಪ್ಪಣ್ಣ ಕದಲಲಿಲ್ಲ. ಪರದೆಯ ಮೇಲಿನ ಪುಟ್ಟ ಕನ್ನಡಿಯನ್ನು ನೋಡುತ್ತ ಕಾಯುತ್ತಿದ್ದರು. ಯಾತಕ್ಕೆ ಎಂದು ಆ ಅಣ್ಣ ತಂಗಿಗೆ ತಿಳಿಯಲಿಲ್ಲ. ಅವರ ಕೈಕಾಲಿಗೆ ಮೂವತ್ತು ವರ್ಷದ ರೂಢಿ. ಹಿಂದಿನಿಂದ ದನಿ ಬರದೆ ಅವರಿಗೆ ಹೊರಡಲು ಬರುವುದಿಲ್ಲ. ಹತ್ತೋ ಇಪ್ಪತ್ತೋ ಸೆಕೆಂಡು ಹೋಯಿತು. ನಾಲ್ಕು ತಿಂಗಳ ಮೇಲೆ ನಾನು ಅವರೊಂದಿಗೆ ಆಡಿದ ಮೊದಲ ಮಾತು ಆಗ ಬಂತು.

"ರೈಟ್."

ಕಾರು ಹೊರಟಿತು. ಅವರು ತಿರುಗಿ ನೋಡಲಿಲ್ಲ. ರೆಹಾನಾ ನನ್ನ ಸ್ಟೂಲನ್ನು ಬಾಗಿಲಿನಿಂದ ಎತ್ತಿ ತಂದು ಅವರ ಸೀಟಿನ ಹಿಂದೆಯೇ ಇಟ್ಟಳು. "ನೀವು ಇಲ್ಲೇ ಕುಂದರ್ರಿ ಅಕ್ಕಾ, ಇವರಿಗೆ ಕಂಡಕ್ಟರ್ ಬೇಕಾಗೈತಿ." ಆಗಿನಿಂದ ನಾನೂ ತಂಡದವಳು. ಮೂವರ ಸರದಿಯಲ್ಲೂ ಎಡಕ್ಕೆ ಯಾರು, ಬಲಕ್ಕೆ ಯಾರು, ಹಿಂದೆ ಎಷ್ಟು ಹತ್ತಿರ ಎಂದು ಕೂಗಿ ಹೇಳಿದೆ. ತುಂಬಿದ ಬಸ್ಸಿನಲ್ಲಿ ಅಷ್ಟು ವರ್ಷ ಕಣ್ಣಾಡಿಸಿದವಳಿಗೆ ಅದೇನು ದೊಡ್ಡದಲ್ಲ. ಅಡ್ಡ ಬಂದ ಒಂದಿಬ್ಬರನ್ನು ಬೈದೆ ಕೂಡ. ಅವರು ಯಾವ ದೇಶದವರೋ, ಕೇಳಿಸಲಿಲ್ಲ.

ಬಸಪ್ಪಣ್ಣನ ಎರಡನೆಯ ಸರದಿ ಮೂರು ಗಂಟೆಯ ಹೊತ್ತಿಗೆ ಶುರುವಾಯಿತು. ಅವರಿಗೆ ಉಳಿದಿದ್ದು ನಲವತ್ತು ನಿಮಿಷ. ಇಪ್ಪತ್ತಾರನೆಯ ನಿಮಿಷಕ್ಕೆ ನೇರವಾದ ಉದ್ದ ರಸ್ತೆ ಮುಗಿದು ತಿರುವು ಬರುವಾಗ ಕಾರು ಅರ್ಧ ಹುಲ್ಲಿಗೆ ಇಳಿದು ಮತ್ತೆ ರಸ್ತೆ ಹತ್ತಿತು.

"ಆಗತಿರತೈತ್ರಿ, ಪರವಾಗಿಲ್ಲ" ಎಂದ ಸಾದಿಕ್. ರೆಹಾನಾ ನೋಡಲೇ ಇಲ್ಲ. ನಾನು ನೋಡಿದ್ದು ಕಾರನ್ನಲ್ಲ. ಎಡಗೈ ಸ್ಟೇರಿಂಗ್ ಬಿಟ್ಟು ಬಲದೊಡೆಗೆ ಪಟಪಟ ಹೊಡೆದದ್ದನ್ನು.

ಇಲ್ಲಿ ನನ್ನ ಮನಸ್ಸಿನಲ್ಲಿ ನಡೆದದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಸುಮ್ಮನಿರು ಎಂದಿತು ಮನಸ್ಸು. ಇದು ಆಟ. ಇಲ್ಲಿ ಮೆಟ್ಟಿಲ ಮೇಲೆ ಮುದುಕಿಯಿಲ್ಲ, ಕಬ್ಬಿನ ಹಾಲಿನ ಗಾಡಿಯಿಲ್ಲ. ಹದಿನಾಲ್ಕು ನಿಮಿಷ ಬಾಯಿ ಮುಚ್ಚಿದರೆ ರೆಹಾನಾಳ ತಂಡ ಪಟ್ಟಿಯಲ್ಲಿ ಉಳಿಯುತ್ತದೆ, ಇವರ ಅರ್ಜಿ ಕಿಸೆಯಿಂದ ಹೊರಬರುತ್ತದೆ, ನಿನ್ನ ನಾಲ್ಕು ತಿಂಗಳ ಸಂಕಟ ತೀರುತ್ತದೆ. ಒಮ್ಮೆ ಇವರನ್ನು ಇಳಿಸಿದ್ದೀ, ಇನ್ನೊಮ್ಮೆ ಇಳಿಸುತ್ತೀಯಾ? ಮುಂದಿನ ತಿರುವು ಬಂತು. ಅದರಲ್ಲೂ ಬ್ರೇಕು ತಡವಾಯಿತು. ನಾಳೆ ಅರ್ಜಿ ಹೋಗುತ್ತದೆ, ಬಸ್ಸು ಸಿಗುತ್ತದೆ, ಹುಣ್ಣಿಮೆ ಮತ್ತೆ ಬರುತ್ತದೆ ಎಂಬುದೂ ಆಗಲೇ ಹೊಳೆಯಿತು.

"ಹೋಲ್ಡಾನ್" ಎಂದೆ. ದನಿ ನನ್ನದೇ ಎನ್ನಿಸಲಿಲ್ಲ, ಅಷ್ಟು ಸಣ್ಣಗಿತ್ತು.

ಅವರು ಯಾಕೆ ಎಂದು ಕೇಳಲಿಲ್ಲ. ಕಾರನ್ನು ನಿಧಾನಕ್ಕೆ ಅಂಚಿಗೆ ತಂದು, ನಿಲ್ದಾಣಕ್ಕೆ ತಿರುಗಿಸಿ ನಿಲ್ಲಿಸಿದರು. ರೆಹಾನಾ ಗಾಬರಿಯಾಗಿ ಓಡಿಬಂದು ಸೀಟಿಗೆ ಕೂತಳು. ಬಸಪ್ಪಣ್ಣ ಗೋಡೆ ಹಿಡಿದು ಹೊರಗೆ ಬಂದು ಕಟ್ಟೆಯ ಮೇಲೆ ಕಾಲು ನೀವಿಕೊಳ್ಳುತ್ತ ಕೂತರು. ನಾನು ನೀರು ತಂದು ಎದುರಿಗೆ ನಿಂತೆ. ನೀರು ಕುಡಿದು, ಗ್ಲಾಸು ಕೆಳಗಿಟ್ಟು ಅವರು ಹೇಳಿದರು.

"ಅವತ್ತೂ ಹಿಂಗ ಬಾಯಿಲೆ ಹೇಳಿದ್ರ ಆಗತಿತ್ತಲ್ಲವಾ ತಂಗಿ. ನೀ ಹೋಲ್ಡಾನ್ ಅಂದ್ರ ನಾ ನಿಲ್ಲತಿದ್ದಿಲ್ಲೇನು? ಕಾಗದದಾಗ ಯಾಕ ಬರದಿ?"

ನಾಲ್ಕು ತಿಂಗಳು ನಾನು ತಿಳಿದದ್ದೇ ಬೇರೆ. ಸ್ಟೇರಿಂಗ್ ಹೋದದ್ದಕ್ಕೆ ಸಿಟ್ಟು ಎಂದುಕೊಂಡಿದ್ದೆ.

"ನನಗ ಬಾಯಿ ಬರಲಿಲ್ರಿ ಅಣ್ಣಾರ."

"ನಿನಗ?" ಎಂದು ನನ್ನನ್ನೇ ನೋಡಿದರು. "ನಿನಗ ಬಾಯಿ ಬರಲಿಲ್ಲ?" ಅವರಿಗೆ ನಗು ಬಂದುಬಿಟ್ಟಿತು. ನನಗೆ ಅಳು ಬಂತು. ನಾನು ಅತ್ತೆ ಎಂದು ಹೇಳಲು ಸಂಕೋಚವೇನಿಲ್ಲ, ಬೀದಿಯ ಕಟ್ಟೆಯಲ್ಲಿ ನಿಂತು ಅತ್ತೆ.

ಅಳು ಮುಗಿಯುವ ತನಕ ಕಾದು ಅವರು ಎದ್ದರು. "ಇನ್ನ ಹದಿನಾಕು ನಿಮಿಷ ಉಳದಾವ. ಆ ಹುಡುಗಿ ಹೆಸರು ಪಟ್ಯಾಗ ಬರಬೇಕು. ಕಾಲು ಸಡಲಾಗಲಿ, ಮುಗಿಸೇ ಏಳಾಂವ. ನೀ ಹಿಂದ ಇರು." ಮುಕ್ಕಾಲು ತಾಸು ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರು. ಐದು ಗಂಟೆಗೆ ಮತ್ತೆ ಕೂತರು. ತಿರುವಿಗೆ ಬಹಳ ಮೊದಲೇ ಬ್ರೇಕು, ರಸ್ತೆಯ ಅಂಚಿಗೇ ಕಾರು, ಎಲ್ಲರೂ ಹಾದುಹೋದರು. ನಾನು ನಿಮಿಷಕ್ಕೊಮ್ಮೆ "ಕಾಲು?" ಎಂದೆ. ಅವರು "ಐತಿ" ಎಂದರು. ಹದಿನಾಲ್ಕು ಸಲ ಕೇಳಿದೆ, ಹದಿನಾಲ್ಕು ಸಲವೂ ಐತಿ. ಕೊನೆಯ ಸರದಿಯನ್ನು ರೆಹಾನಾ ಮುಗಿಸಿದಾಗ ನಮ್ಮ ತಂಡ ಕೆಳಗಿನಿಂದ ಮೂರನೆಯದು. ಅವಳು ಆ ಪಟ್ಟಿಯ ಫೋಟೋ ತೆಗೆದು ಊರಿಗೆಲ್ಲ ಕಳಿಸಿದಳು.

ಹೊರಡುವಾಗ ಬಸಪ್ಪಣ್ಣ ಕಿಸೆಯ ಅರ್ಜಿಯನ್ನು ನನ್ನ ಕೈಗಿಟ್ಟರು. "ಕುಷ್ಟಗಿ ಮುಟ್ಟೂತನ ಕಾಲು ತಡೀಬೇಕು. ತಡೀತೈತಿ ಅಂತ ನಿನಗ ಅನಸಿದ ದಿನ ಹೇಳು, ಅವತ್ತು ಕೊಡೂಣು." ಅದು ಇನ್ನೂ ನನ್ನ ಚೀಲದಲ್ಲಿದೆ. ಅವರು ದಿನಾ ಸೊಂಟಕ್ಕೆ ವ್ಯಾಯಾಮ ಮಾಡುತ್ತಾರೆ, ಭಾನುವಾರ ಆ ಕೆಂಪು ಸೀಟಿನಲ್ಲಿ ಕೂರುತ್ತಾರೆ. ಹೋದ ತಿಂಗಳು ಎಪ್ಪತ್ತು ನಿಮಿಷ ತಡೆಯಿತು. ಸಾಲದು ಎಂದೆ. ಸಾಲದು ಎಂದು ಅವರೂ ಒಪ್ಪಿದರು.

ಕಳೆದ ವಾರದ ಆ ದಿನ ಸಂಜೆ ಹೊಸ ಹೊದಿಕೆಯ ಬಸ್ಸು ಕುಷ್ಟಗಿಯಿಂದ ವಾಪಸು ಹೊರಟಿತು. ಈಗ ನನ್ನ ಡ್ರೈವರು ವೀರೇಶ, ಮದುವೆಯಾಗಿ ವರ್ಷವಾಗಿರುವ ಹುಡುಗ, ಮನೆಯಲ್ಲಿ ಹಸುಗೂಸು. ತಾವರಗೇರಾ ದಾಟಿದ ಮೇಲೆ ಅವನ ತಲೆ ಎರಡು ಸಲ ತೂಗಿದ್ದು ಕಂಡಿತು. ನಾನು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಿ, ಮುಂದಿನ ಚಹಾದಂಗಡಿಯ ಹತ್ತಿರ ಬಸ್ಸು ನಿಲ್ಲಿಸಲು ಹೇಳಿದೆ. ಜನ ಗೊಣಗಿದರು. ಅವರಿಗೆ ಮಾಡಬೇಕಾದ ಪೂಜೆ ಮಾಡಿ ಕೆಳಗಿಳಿದೆ. ವೀರೇಶ ಮುಖಕ್ಕೆ ನೀರು ಹಾಕಿಕೊಂಡು, ನನ್ನ ಮುಖ ನೋಡದೆ ಕೇಳಿದ.

"ರಿಪೋರ್ಟ್ ಬರೀತೀರೇನ್ರಿ ಅಕ್ಕಾರ?"

"ಇಲ್ಲಪಾ" ಎಂದೆ. "ನಿನಗ ಹೇಳಾಕತ್ತೀನಿ."