ಮೊದಲು ಸಹಿ, ಆಮೇಲೆ ಎಲೆ

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು ನಾನು. ವಾರ್ಡಿನಲ್ಲಿ ನನ್ನದೊಂದು ನಿಯಮವಿತ್ತು. ರೌಂಡ್ಸಿಗೆ ಬಂದ ಡಾಕ್ಟರು ಎಷ್ಟೇ ದೊಡ್ಡವರಾಗಿರಲಿ, ಕೇಸ್ ಶೀಟಿಗೆ ಸಹಿ ಹಾಕದೆ ಬಾಗಿಲು ದಾಟುವಂತಿರಲಿಲ್ಲ. ‘ಆಮೇಲೆ ಹಾಕ್ತೀನಿ ಸಿಸ್ಟರ್’ ಎನ್ನುವವರ ‘ಆಮೇಲೆ’ ಎಂಥದ್ದೆಂದು ನನಗೆ ಗೊತ್ತಿತ್ತು. ಲೋಕದಲ್ಲಿ ಡಾಕ್ಟರುಗಳಷ್ಟು ಅಶಿಸ್ತಿನ ಜನ ಬೇರೆ ಇಲ್ಲವೆಂದು ನಂಬಿಕೊಂಡೇ ನಿವೃತ್ತಳಾದೆ. ಆಮೇಲೆ ವಿಶ್ವವಿದ್ಯಾಲಯದವರನ್ನು ಹತ್ತಿರದಿಂದ ನೋಡಿದೆ. ಡಾಕ್ಟರುಗಳ ಕ್ಷಮೆ ಕೇಳುವುದು ಬಾಕಿಯಿದೆ.

ನೋಡುವ ಭಾಗ್ಯ ಬಂದದ್ದು ನನ್ನ ತಮ್ಮನ ಮಗಳಿಂದ. ತಮ್ಮನದು ಕಳಲೆಯಲ್ಲಿ ಬೇಸಾಯ. ಮಗಳು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದಳು. ನಂಜನಗೂಡಿನಿಂದ ಬಸ್ಸು ಸಲೀಸೆಂದು ನನ್ನ ಮನೆಯಲ್ಲೇ ಉಳಿದಳು. ಬೆಳಿಗ್ಗೆ ನಾನು ಎಬ್ಬಿಸುವುದು, ತಿಂಡಿ ಮುಗಿಸಿ ಡಬ್ಬಿ ಕಟ್ಟಿಕೊಂಡು ಅವಳು ಬಸ್ ಸ್ಟ್ಯಾಂಡಿಗೆ ಓಡುವುದು. ನನ್ನ ಮನೆಯಲ್ಲಿ ಯಾರೂ ಬಸ್ಸು ತಪ್ಪಿಸಿಕೊಳ್ಳುವುದಿಲ್ಲ.

ಅತಿಥಿ ಉಪನ್ಯಾಸಕರೆಂದರೆ ವರ್ಷದ ಕೊನೆಗೆ ಬಿಡಿಸಿ, ಮುಂದಿನ ವರ್ಷ ಬೇಕಾದರೆ ಮತ್ತೆ ಕರೆಯುವ ಜನ. ಪಾಠ ಖಾಯಂ ಆದವರಷ್ಟೇ, ಕೆಲವೊಮ್ಮೆ ಹೆಚ್ಚು. ಖಾಯಂ ಉಪನ್ಯಾಸಕರ ಕುರ್ಚಿಗಳ ಬೆನ್ನಿಗೆ ಬಿಳಿ ಟವೆಲ್ಲು ಹೊದಿಸಿರುತ್ತದೆ. ಅತಿಥಿಗಳಿಗೆ ಕಿಟಕಿಯ ಪಕ್ಕ ಒಂದು ಉದ್ದನೆಯ ಬೆಂಚು, ಅದೂ ಯಾವುದೋ ತರಗತಿಯಿಂದ ಎತ್ತಿ ತಂದದ್ದು. ಕಾಲೇಜಿನ ಗುಣಮಟ್ಟ ನೋಡಲು ಹೊರಗಿನಿಂದ ತಂಡವೊಂದು ಬಂದಾಗ ತಿಂಗಳುಗಟ್ಟಲೆ ಫೈಲುಗಳನ್ನು ಜೋಡಿಸಿದವಳು ಇವಳು. ತಂಡ ಬಂದ ದಿನ ಪ್ರಾಂಶುಪಾಲರು ಅವಳಿಗೆ ವಹಿಸಿದ ಕೆಲಸ, ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತು ಬಂದವರ ಮೇಲೆ ಪನ್ನೀರು ಚಿಮುಕಿಸುವುದು. ಚಿಮುಕಿಸಿ ಬಂದಳು. ಕಾಲೇಜಿಗೆ ಒಳ್ಳೆಯ ದರ್ಜೆ ಸಿಕ್ಕಿತಂತೆ. ಪನ್ನೀರಿಗೂ ಅದರಲ್ಲಿ ಅಂಕವಿತ್ತೋ ಏನೋ.

ಇಷ್ಟಾದರೂ ಅವಳಿಗೆ ಆ ಕೆಲಸ ಬೇಕಿತ್ತು. ಪಾಠ ಮಾಡುವುದೆಂದರೆ ಅವಳಿಗೆ ಜೀವ. ಸಂಜೆ ಬಂದು ಕೈಕಾಲು ತೊಳೆಯುವ ಮೊದಲೇ ಅಂದು ಯಾವ ಹುಡುಗಿ ಏನು ಪ್ರಶ್ನೆ ಕೇಳಿದಳೆಂದು ಹೇಳುತ್ತಿದ್ದಳು. ಹೀಗಿರುವಾಗ ಒಂದು ವರ್ಷ ಹೊಸ ನಿಯಮ ಬಂತು. ಪಿಎಚ್.ಡಿ. ಆಗಿರಬೇಕು, ಇಲ್ಲವೇ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಎರಡೂ ಇಲ್ಲದವರನ್ನು ಕಾಲೇಜು ಹಂಚುವ ಮುಂದಿನ ಕೌನ್ಸೆಲಿಂಗಿಗೆ ಕರೆಯುವುದಿಲ್ಲ. ಇವಳ ಪಿಎಚ್.ಡಿ. ಪ್ರಬಂಧ ಸಲ್ಲಿಕೆಯಾಗಿ ಬಹಳ ದಿನವಾಗಿತ್ತು. ಓದಿದ ಪರೀಕ್ಷಕರು ಒಪ್ಪಿಗೆಯನ್ನೂ ಕೊಟ್ಟಿದ್ದರು. ಉಳಿದದ್ದು ಮೌಖಿಕ ಪರೀಕ್ಷೆ, ಅದರ ವರದಿಯ ಮೇಲೆ ಎರಡು ಸಹಿ. ಕೌನ್ಸೆಲಿಂಗಿನೊಳಗೆ ಅದು ಆದರೆ ಕೆಲಸ ಉಳಿಯುತ್ತದೆ, ಆಗದಿದ್ದರೆ ಹೋಗುತ್ತದೆ. ದಿನಾಂಕ ಗೊತ್ತುಮಾಡಬೇಕಾದವರು ಅವಳ ಮಾರ್ಗದರ್ಶಕರು, ಎಲ್ಲರ ಬಾಯಲ್ಲಿ ಗೈಡು. ನಮ್ಮೂರಿನ ದೇವಸ್ಥಾನದ ಮುಂದೆಯೂ ಗೈಡುಗಳಿದ್ದಾರೆ. ಅವರು ಬಂದವರ ಜೊತೆಗೆ ನಾಲ್ಕು ಹೆಜ್ಜೆಯಾದರೂ ನಡೆಯುತ್ತಾರೆ.

ಈ ಗೈಡು ಮೈಸೂರಿನವರು. ಸಮಾನತೆಯ ಮೇಲೆ ಭಾಷಣ ಮಾಡುವುದರಲ್ಲಿ ಹೆಸರಾದವರು. ಇವಳು ಮೊದಲ ಸಲ ಭೇಟಿಯಾದಾಗ ಊರು ಕೇಳಿದರಂತೆ. ಕಳಲೆ ಎಂದಳು. ಕಳಲೆಯಲ್ಲಿ ಯಾವ ಬೀದಿ ಎಂದರಂತೆ. ಸಮಾಜಶಾಸ್ತ್ರದ ಮೊದಲ ಪ್ರಶ್ನೆ ಅದೇ ಇರಬೇಕು. ನಮ್ಮ ಬೀದಿಯ ಹೆಸರು ಹೇಳಿದರೆ ನಾವು ಯಾರೆಂದು ಈ ಸೀಮೆಯ ಯಾರಿಗಾದರೂ ತಿಳಿಯುತ್ತದೆ. ಅವರಿಗೂ ತಿಳಿಯಿತು. ‘ಒಳ್ಳೇದು, ನಿಮ್ಮಂಥವರು ಮುಂದೆ ಬರಬೇಕು’ ಎಂದರಂತೆ.

ಸಂಶೋಧನೆಗೆ ವಿಷಯ ಆರಿಸಿಕೊಟ್ಟವರೂ ಅವರೇ: ಶಾಲೆಗಳ ಬಿಸಿಯೂಟ. ಯಾವ ಊರಿನಲ್ಲಿ ಯಾರು ಅಡುಗೆ ಮಾಡುತ್ತಾರೆ, ಅವರ ಕೈಯಡುಗೆ ಉಣ್ಣಬೇಡಿರೆಂದು ಮಕ್ಕಳಿಗೆ ಯಾವ ಮನೆಯವರು ಹೇಳಿ ಕಳಿಸುತ್ತಾರೆ ಎಂದು ವಿಚಾರಿಸುವುದು. ಉಣ್ಣದವರ ಕತೆಯೇ ಅವಳ ಪ್ರಬಂಧದ ಮೂರನೇ ಅಧ್ಯಾಯವಾಯಿತು. ಚಿಕ್ಕಯ್ಯನಛತ್ರದ ಕಡೆಯ ಹಳ್ಳಿಗಳಿಂದ ಹಿಡಿದು ನರಸೀಪುರದ ಹೊಳೆದಂಡೆಯ ಊರುಗಳವರೆಗೆ ರಜೆಯ ದಿನ ಮನೆಗಳನ್ನೂ, ರಜೆ ಹಾಕಿ ಶಾಲೆಗಳನ್ನೂ ಸುತ್ತಿದಳು. ಗೈಡು ಯಾವ ಊರಿಗೂ ಬರಲಿಲ್ಲ. ಬಂದದ್ದು ನಮ್ಮ ಗೇಟಿನ ತನಕ ಮಾತ್ರ, ಬಾಳೆಗೊನೆಗೆ. ನನ್ನ ತಮ್ಮನ ತೋಟದಲ್ಲಿ ನಾಲ್ಕು ಬುಡ ರಸಬಾಳೆ ಉಳಿದಿದೆ. ರೋಗ ಬಿದ್ದು ಅದು ಈಗ ನಂಜನಗೂಡಿನಲ್ಲೇ ಅಪರೂಪ. ಒಂದು ಅಧ್ಯಾಯ ನೋಡಿಕೊಡುವ ಹೊತ್ತಿಗೆ ‘ರಸಬಾಳೆ ಹೇಗಿದೆಯಮ್ಮ ಈ ಸಲ’ ಎಂದು ಫೋನಿನಲ್ಲಿ ಕೇಳುತ್ತಿದ್ದರು. ಕಾರು ಗೇಟಿನ ಮುಂದೆ ನಿಲ್ಲುತ್ತಿತ್ತು, ಇಂಜಿನ್ ಆರುತ್ತಿರಲಿಲ್ಲ. ಗೊನೆ ಡಿಕ್ಕಿಗೆ ಹೋಗುತ್ತಿತ್ತು. ಒಳಗೆ ಬನ್ನಿ, ಕಾಫಿ ಕುಡಿಯಿರಿ ಎಂದರೆ ಈಗಷ್ಟೇ ಆಯಿತಮ್ಮ ಎನ್ನುವರು. ಪ್ರತಿ ಸಲವೂ ಈಗಷ್ಟೇ ಆಗಿರುತ್ತಿತ್ತು. ಎರಡು ಮೂರು ಗೊನೆ ಹೋದ ಮೇಲೆ ನನಗೆ ಲೆಕ್ಕ ಹತ್ತಿತು. ಹಣ್ಣು, ತೆಂಗಿನಕಾಯಿ, ಅಚ್ಚುಬೆಲ್ಲ, ಅಕ್ಕಿ, ನಮ್ಮ ಮನೆಯ ಒಲೆ ಮುಟ್ಟದ್ದೆಲ್ಲ ಈ ಮನುಷ್ಯನಿಗೆ ಸಲ್ಲುತ್ತದೆ.

ಇದನ್ನು ಹೇಳಿದರೆ ಅವಳು ಸಿಡುಕಿದಳು. “ನೀನು ಸುಮ್ನಿರತ್ತೆ. ನಂಗೂ ಗೊತ್ತು. ಡಿಗ್ರಿ ಬರ್ಲಿ ಮೊದ್ಲು.”

ಕೊನೆಗೆ ದಿನಾಂಕ ಗೊತ್ತಾಯಿತು. ಕೌನ್ಸೆಲಿಂಗಿಗೆ ಕೆಲವೇ ದಿನ ಉಳಿದಿತ್ತು. ಈ ಪರೀಕ್ಷೆಯ ದಿನ ಊಟ ಹಾಕಿಸಬೇಕಾದದ್ದು ಪರೀಕ್ಷೆಗೆ ಕೂರುವವರು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಬೀಗರನ್ನು ನೋಡಿಕೊಂಡಂತೆ ನೋಡಿಕೊಳ್ಳಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ, ಪೇಟ. ಆಸ್ಪತ್ರೆಯಲ್ಲಿ ರೋಗಿಯ ಕೈಯಿಂದ ಒಂದು ಲೋಟ ಕಾಫಿ ಕುಡಿದರೂ ನಾನು ನರ್ಸ್ ಹುಡುಗಿಯರನ್ನು ಕರೆದು ವಿಚಾರಿಸುತ್ತಿದ್ದೆ. ಇಲ್ಲಿ ಪರೀಕ್ಷೆಗೆ ಕುಳಿತವರೇ ಪರೀಕ್ಷಕರಿಗೆ ಪೇಟ ತೊಡಿಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಊಟ ಮೈಸೂರಿನ ಇಂಥ ಹೋಟೆಲಿನಲ್ಲೇ ಆಗಬೇಕೆಂದು ಗೈಡು ಹೇಳಿಯಾಗಿತ್ತು. ಮನೆಯಿಂದ ಏನೂ ತರುವುದು ಬೇಡ, ನಿಮಗೇಕೆ ತೊಂದರೆ ಎಂದು ಎರಡೆರಡು ಸಲ ಹೇಳಿದ್ದರು. ಅದನ್ನು ಕೆಡಿಸಿದವರು ಹೊರಗಿನ ಪರೀಕ್ಷಕಿ. ಧಾರವಾಡದ ಕಡೆಯವರು, ವಯಸ್ಸಾದವರು. ಅವರೇ ಇವಳಿಗೆ ಫೋನು ಮಾಡಿ, ಹೋಟೆಲ್ ಊಟ ತಮಗೆ ಒಗ್ಗುವುದಿಲ್ಲವೆಂದೂ, ನಂಜನಗೂಡಿನ ದೇವಸ್ಥಾನ ನೋಡಬೇಕೆಂದೂ, ಅಲ್ಲೇ ನಿಮ್ಮ ಮನೆಯಲ್ಲಿ ಎರಡು ತುತ್ತು ಉಂಡು ರಾತ್ರಿಯ ರೈಲಿಗೆ ಹೋಗುವುದಾಗಿಯೂ ಹೇಳಿದರು. ಗೈಡಿಗೆ ಇಲ್ಲವೆನ್ನುವ ದಾರಿಯಿರಲಿಲ್ಲ.

ಕಳಲೆಯಿಂದ ತಮ್ಮ ಬಾಳೆಎಲೆ, ಗೊನೆ ಹೊತ್ತು ಹಿಂದಿನ ದಿನವೇ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಕ್ಕ, ಅವ್ರು ಉಂಡಾರಾ ನಮ್ಮನೇಲಿ?” ಎಂದ.

“ಉಣ್ಣೋರು ಉಣ್ತಾರೆ. ನೀನು ಎಲೆ ತೊಳಿ” ಎಂದೆ.

ನನ್ನ ಯೋಚನೆ ಊಟದ್ದಲ್ಲ, ಸಹಿಯದು. ಇವಳಿಗಿಂತ ಮುಂಚಿನ ವಿದ್ಯಾರ್ಥಿಯೊಬ್ಬನ ವರದಿ ಗೈಡಿನ ಬ್ಯಾಗಿನಲ್ಲೇ ಮೂರು ತಿಂಗಳು ಊರೂರು ತಿರುಗಿತ್ತಂತೆ. ಊಟವಾಗಿ, ಎಲೆಅಡಿಕೆಯಾಗಿ, ಎಲ್ಲರೂ ಕೈಮುಗಿದು ಹೊರಟ ಮೇಲೆ ಆ ಬ್ಯಾಗು ಹೇಗೆ ತೆರೆಯುತ್ತದೆ?

ಪರೀಕ್ಷೆ ಮೈಸೂರಿನಲ್ಲಿ ಬೆಳಿಗ್ಗೆಯೇ ಮುಗಿಯಿತು. ಚೆನ್ನಾಗಿ ಆಯಿತೆಂದು ಅವಳು ಫೋನು ಮಾಡಿದಳು. ಸಹಿ ಎಂದೆ. ಊಟ ಆದ ಮೇಲಂತೆ ಎಂದಳು. ದೇವಸ್ಥಾನ ಮುಗಿಸಿಕೊಂಡು ಅವಳ ಜೊತೆ ನಾಲ್ವರು ಮನೆಗೆ ಬಂದರು: ಪರೀಕ್ಷಕಿ, ಗೈಡು, ವಿಭಾಗದ ಇಬ್ಬರು. ಗೈಡು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಗೋಡೆಯ ಮೇಲಿನ ಬುದ್ಧನ ಪಟವನ್ನು ನೋಡಿ ತಲೆಯಾಡಿಸಿದರು, ಹೊಸದಾಗಿ ಏನೋ ಕಂಡುಹಿಡಿದವರಂತೆ. ತಮ್ಮ ಬಾಟಲಿಯಿಂದಲೇ ನೀರು ಕುಡಿದರು.

ಊಟದ ಮೇಜನ್ನು ನಾನು ಖಾಲಿ ಇಟ್ಟಿದ್ದೆ. ಎಲೆಯಿಲ್ಲ, ಲೋಟವಿಲ್ಲ. ಒಂದು ಪೆನ್ನು ಮಾತ್ರ. “ಸಾರ್, ವರದಿ ತೆಗೀರಿ. ಸಹಿ ಆಗಿಬಿಡ್ಲಿ” ಎಂದೆ.

“ಊಟದ ಹೊತ್ತಲ್ಲಿ ಯಾಕಮ್ಮ ಅದೆಲ್ಲ? ಸೋಮವಾರ ಆಫೀಸಲ್ಲಿ ನಿಧಾನವಾಗಿ ಮಾಡಿಸ್ತೀನಿ.”

ತಮ್ಮನ ಮಗಳು ನನ್ನ ಸೆರಗು ಹಿಡಿದು ಎಳೆದಳು. ನಾನು ಕದಲಲಿಲ್ಲ. “ಮೇಡಂ ರಾತ್ರಿ ರೈಲಿಗೆ ಹೋಗ್ತಾರೆ. ಸೋಮವಾರ ಅವರ ಸಹಿಗೆ ಧಾರವಾಡಕ್ಕೆ ಯಾರು ಹೋಗ್ತಾರೆ ಸಾರ್? ಮುದ್ದೆ ಕಟ್ಟೋಕೆ ಹಿಟ್ಟು ತಯಾರಿದೆ. ಸಹಿ ಆದ ಕೂಡ್ಲೆ ಎಲೆ ಹಾಕ್ತೀನಿ.”

ಪರೀಕ್ಷಕಿ ಕನ್ನಡಕದ ಮೇಲಿಂದ ಗೈಡಿನ ಕಡೆ ನೋಡಿದರು. “ಸೋಮವಾರ ಯಾಕ್ರಿ? ನೀವ ಮುಂಜಾನೆ ಇವತ್ತ ಹಾಕೂಣು ಅಂದಂಗಿತ್ತಲ್ರಿ. ತಗೀರಿ, ತಗೀರಿ. ನನಗ ಹಸಿವಾಗೇದ.”

ಬ್ಯಾಗು ತೆರೆಯಿತು. ಪರೀಕ್ಷಕಿ ಸಹಿ ಹಾಕಿದರು, ಅವರ ಕೆಳಗೆ ಗೈಡು ಹಾಕಲೇಬೇಕಾಯಿತು. ವಿಭಾಗದ ಕಿರಿಯರ ಕೈಗೆ ಕಾಗದ ಕೊಟ್ಟು, ಇದನ್ನು ಸಂಜೆಯೇ ಕಚೇರಿಗೆ ಮುಟ್ಟಿಸಿ ಎಂದವರೂ ಪರೀಕ್ಷಕಿಯೇ. ಆಗ ನಾನು ಎಲೆ ಹಾಕಿದೆ. ಬಡಿಸಬೇಕೆನ್ನುವಾಗ ಗೈಡು ಕೈ ಅಡ್ಡ ಹಿಡಿದರು.

“ನನಗೆ ಬೇಡಮ್ಮ. ಇವತ್ತು ಸಂಕಷ್ಟಿ, ಉಪವಾಸ. ಎರಡು ಬಾಳೆಹಣ್ಣು ಕೊಟ್ಟರೆ ಸಾಕು.”

ನಮ್ಮ ಮನೆಯಲ್ಲಿ ಸಂಕಷ್ಟಿ ಮಾಡುವುದಿಲ್ಲ, ಆದರೆ ಹುಣ್ಣಿಮೆ ತಪ್ಪಿಸುವುದಿಲ್ಲ. ಹುಣ್ಣಿಮೆಯ ಸಂಜೆ ನಮ್ಮ ಕಡೆಯ ಹೆಂಗಸರು ನಮ್ಮಲ್ಲಿ ಸೇರಿ ಬುದ್ಧನ ಮುಂದೆ ದೀಪ ಹಚ್ಚುತ್ತಾರೆ. ಆ ತಿಂಗಳ ಹೂವಿಗೆ ಬೆಳಿಗ್ಗೆಯಷ್ಟೇ ಹೇಳಿ ಬಂದಿದ್ದೆ.

“ಹುಣ್ಣಿಮೆ ನಾಳೆ ಸಾರ್” ಎಂದೆ. “ಸಂಕಷ್ಟಿ ಬರೋದು ಹುಣ್ಣಿಮೆ ಆಗಿ ನಾಲ್ಕನೇ ದಿನಕ್ಕೆ.”

ವಿಭಾಗದ ಹಿರಿಯರು ಎಲೆಯ ಮೇಲೆ ನೀರು ಚಿಮುಕಿಸಿ ಒರೆಸಿದ್ದನ್ನೇ ಒರೆಸುತ್ತಿದ್ದರು. ಗೈಡು ಸಾವರಿಸಿಕೊಂಡು, “ನಮ್ಮ ಮನೆತನದ ಲೆಕ್ಕ ಸ್ವಲ್ಪ ಬೇರೆ” ಎಂದರು. ಇರಬಹುದು. ಅಂಥ ಮನೆತನಕ್ಕೆ ಚಂದ್ರನೂ ಬೇರೆ ಇರಬಹುದು.

ಪರೀಕ್ಷಕಿ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಇವಳ ಕಡೆ ತಿರುಗಿ, “ನಿನ್ನ ಮೂರನೇ ಅಧ್ಯಾಯ ನೋಡವಾ, ಶಾಲಿಯೊಳಗ ಮುಗಿಯೂದಿಲ್ಲ” ಎಂದರು. ಆಮೇಲೆ ಉಪ್ಸಾರಿನಲ್ಲಿ ಮುದ್ದೆ ಮುರಿದು ಹೇಗೆ ನುಂಗಬೇಕೆಂದು ನನ್ನನ್ನು ಕೇಳಿ ಕಲಿತರು. ಇನ್ನರ್ಧ ಮುದ್ದೆ ಹಾಕಿಸಿಕೊಂಡರು, ಹೆಸರುಬೇಳೆ ಪಾಯಸವನ್ನೂ. ಗೈಡು ಮೇಜಿನ ತುದಿಯಲ್ಲಿ ಕುಳಿತು ನನ್ನ ತಮ್ಮನ ಬಾಳೆಹಣ್ಣನ್ನು ತಾವೇ ಸುಲಿದು ತಿಂದರು. ಎರಡು ಎಂದವರು ನಾಲ್ಕು ತಿಂದರು. ಹಸಿವು ಮಾತ್ರ ಮನೆತನ ಬೇರೆ ಮಾಡುವುದಿಲ್ಲ.

ಅವರೆಲ್ಲ ಹೋದ ಮೇಲೆ ತಮ್ಮನ ಮಗಳು ನನ್ನ ಮೇಲೆ ಹರಿಹಾಯ್ದಳು. ಡಾಕ್ಟರೇಟು ಬಂದ ದಿನ ಮನೆಯಲ್ಲಿ ಸಂತೋಷವಿರಬೇಕಿತ್ತು.

“ನಿಂಗೇನತ್ತೆ, ರಿಟೈರಾಗಿ ಕೂತಿದ್ದೀಯ. ನಾಳೆ ಯಾವ್ದೋ ಕಾಲೇಜಲ್ಲಿ ಪೋಸ್ಟ್ ಬಿದ್ರೆ ನಾನು ಅವ್ರನ್ನೇ ಕೇಳ್ಬೇಕು. ಅವ್ರು ಒಂದು ಮಾತು ಕೆಟ್ಟದಾಗಿ ಆಡಿದ್ರೆ ಮುಗೀತು. ಸಹಿ ಹಾಕ್ಸಿದ್ದು ಸರಿ. ಹುಣ್ಣಿಮೆ ಯಾಕೆ ಬೇಕಿತ್ತು?”

ಬೇಕಿತ್ತು ಎಂದೆ. ಅಷ್ಟು ವರ್ಷ ಅವರು ‘ಈಗಷ್ಟೇ ಆಯಿತಮ್ಮ’ ಎಂದದ್ದನ್ನು ಗೇಟಿನಲ್ಲಿ ನಿಂತು ಕೇಳಿದವಳು ನಾನು. ಆದರೂ ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಎರಡು ದಿನ ನಾವು ಮಾತಾಡಲಿಲ್ಲ. ಡಬ್ಬಿ ಮಾತ್ರ ಹೊತ್ತಿಗೆ ಸರಿಯಾಗಿ ಕಟ್ಟಿಟ್ಟೆ, ಅವಳು ಹೊತ್ತಿಗೆ ಸರಿಯಾಗಿ ಎತ್ತಿಕೊಂಡು ಹೋದಳು.

ಪದವಿಯ ಆದೇಶ ಕೌನ್ಸೆಲಿಂಗಿನ ಹಿಂದಿನ ದಿನ ಕೈಗೆ ಬಂತು. ಸೋಮವಾರಕ್ಕೆ ಬಿಟ್ಟಿದ್ದರೆ ಬರುತ್ತಿರಲಿಲ್ಲ. ನರಸೀಪುರದ ಅದೇ ಕಾಲೇಜು ಸಿಕ್ಕಿತು, ಅದೇ ಬೆಂಚು. ಹೆಸರಿನ ಹಿಂದೆ ಡಾಕ್ಟರ್ ಬಂದಿದೆ, ಬೆನ್ನಿಗೆ ಟವೆಲ್ಲು ಬಂದಿಲ್ಲ. ಆ ವರ್ಷದ ಕಾಲೇಜು ದಿನಾಚರಣೆಗೆ ಪ್ರಾಂಶುಪಾಲರು ಮತ್ತೆ ಪನ್ನೀರಿನ ತಟ್ಟೆ ತೋರಿಸಿದರಂತೆ. ಆ ಹೊತ್ತಿಗೆ ತರಗತಿ ಇದೆ ಸಾರ್ ಎಂದು ಹೇಳಿ ಇವಳು ಪಾಠಕ್ಕೆ ಹೋದಳು. ಅದನ್ನು ನನಗೆ ಹೇಳುವಾಗ ಸ್ವಲ್ಪ ನಕ್ಕಳು.

ಬಾಳೆಯ ಕಾಲ ಬಂದಾಗ ಗೈಡಿನ ಫೋನು ಬಂತು. ಅವಳು ಸ್ಪೀಕರಿಗೆ ಹಾಕಿ ಈರುಳ್ಳಿ ಹೆಚ್ಚುತ್ತಿದ್ದಳು. ಹೊಸ ವಿದ್ಯಾರ್ಥಿಯೊಬ್ಬನಿಗೆ ಬಿಸಿಯೂಟದ ಮಾಹಿತಿ ಬೇಕಂತೆ. ಆಮೇಲೆ, ಈ ಸಲ ರಸಬಾಳೆ ಹೇಗಿದೆಯಮ್ಮ, ಆ ಕಡೆ ಬರುವವನಿದ್ದೇನೆ ಎಂದರು. ನಾನು ಬಾಯಿ ತೆರೆಯುವುದರೊಳಗೆ ಅವಳು ಸುಮ್ಮನಿರು ಎಂದು ಚಾಕು ತೋರಿಸಿದಳು.

“ಚೆನ್ನಾಗಿದೆ ಸಾರ್. ಊಟಕ್ಕೇ ಬನ್ನಿ. ಅತ್ತೆ ಮುದ್ದೆ ಮಾಡ್ತಾರೆ. ಉಪವಾಸ ಯಾವತ್ತಿಲ್ಲ ಅಂತ ನೀವೇ ನೋಡಿ ಹೇಳಿ.”

ಆ ಕಡೆಯಿಂದ ಮೀಟಿಂಗು, ಪ್ರಯಾಣ ಎಂದೇನೋ ಕೇಳಿಸಿತು. ನೋಡಿ ಹೇಳುತ್ತೇನೆ ಎಂದರು. ಇನ್ನೂ ಹೇಳಿಲ್ಲ. ತಮ್ಮ ಗೊನೆ ತಂದು, “ಮೇಷ್ಟ್ರಿಗೆ ಕಳುಸ್ಬೇಕಾ, ಮಡಗ್ಲಾ?” ಎಂದು ಕೇಳಿದ. ಊಟಕ್ಕೆ ಬಂದಾಗ ಕೊಡೋಣವೆಂದು ಮಗಳೇ ಹೇಳಿದಳು. ಅರ್ಧ ಹಣ್ಣು ಕಾಲೇಜಿನ ಆ ಬೆಂಚಿನವರು ತಿಂದರು, ಉಳಿದರ್ಧವನ್ನು ನಾವು.