ಸಂಕ್ರಮಣದ ದೋಸೆಗೆ ಬಂದ ಟೀಚರ್

ಆಗೆಲ್ಲ ನಮ್ಮ ಕಕ್ಕಬೆ ಕಡೆ ಮನೆಗೆ ನೆಂಟರು ಬಂದರೆಂದರೆ ಒಲೆಯ ಮೇಲೆ ಹಂದಿಯೋ ಕೋಳಿಯೋ ಏರಲೇಬೇಕು. ಏರದಿದ್ದರೆ ಮರ್ಯಾದೆ ಮಾಡಲಿಲ್ಲ ಎಂದೇ ಅರ್ಥ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಬಯಲು ಕಡೆಯ ಮೇಷ್ಟ್ರುಗಳು ವರ್ಗವಾಗಿ ಬರುತ್ತಿದ್ದರು, ಬಂದಷ್ಟೇ ಬೇಗ ಹೋಗುತ್ತಲೂ ಇದ್ದರು. ಮಳೆ, ಜಿಗಣೆ, ಚಳಿ ಎಲ್ಲ ತಡೆದುಕೊಂಡವರೂ ಊಟಕ್ಕೆ ಬಂದಾಗ ಸೋಲುತ್ತಿದ್ದರು.

ಸರೋಜಮ್ಮ ಟೀಚರ್ ಹಾಗೆ ಬಂದವರು. ಮೊಟ್ಟೆಯನ್ನೂ ಮುಟ್ಟದ ಮನೆತನ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಮೇಲೆ ಗಂಜಿ ಬೇಯಿಸಿಕೊಂಡು ಒಂದು ಮಳೆಗಾಲ ಕಳೆದರು. ಊರಿನ ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿದವರಲ್ಲ. ಮಳೆ ಬಿಡುವ ಹೊತ್ತಿಗೆ ರವಿಕೆಯ ತೋಳು ಜೋಲಾಡುವಷ್ಟು ಸೊರಗಿದ್ದರು. ವರ್ಗಕ್ಕೆ ಅರ್ಜಿ ಬರೆಯುತ್ತಿದ್ದಾರೆ ಎಂದು ಅಂಗಡಿಯವನು ಅಪ್ಪನ ಕಿವಿಗೆ ಹಾಕಿದ.

"ಇವ್ರೂ ಹೋದ್ರೆ ಶಾಲೆಗೆ ಬೀಗ," ಎಂದರು ಅಪ್ಪ. "ಕಾಡುದಾರೀಲಿ ನಾಪೋಕ್ಲು ಶಾಲೆಗೆ ಗೂಡೆನ ಒಬ್ಳನ್ನೇ ಕಳ್ಸೋಕಾಗಲ್ಲ. ಮನೇಲಿದ್ದು ಏಲಕ್ಕಿ ಬಿಡಿಸ್ಲಿ."

ಆ ಗೂಡೆ ನಾನೇ. ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ಹಾಗೆನ್ನುತ್ತಾರೆ. ಭಾಗಾಕಾರ ಆಗಷ್ಟೇ ಕೈಗೆ ಹತ್ತಿತ್ತು. ಏಲಕ್ಕಿ ಒಣಗಿಸುವ ಗೂಡಿನ ಹೊಗೆಯಲ್ಲಿ ಕೂತು ನನ್ನ ಇಡೀ ಆಯುಷ್ಯ ಕಳೆಯುವುದು ಕಣ್ಣೆದುರು ಬಂದು ಅಳು ಒತ್ತರಿಸಿತು.

ಅವ್ವ ಮಾತ್ರ ಅಕ್ಕಿ ಕೇರುವುದನ್ನು ನಿಲ್ಲಿಸಲೂ ಇಲ್ಲ. "ಕಾವೇರಿ ಸಂಕ್ರಮಣಕ್ಕೆ ಕರೀರಿ. ಅವತ್ತು ಹೆಂಗೂ ನಮ್ಮನೇಲಿ ಮಾಂಸ ಇಲ್ಲ. ದೋಸೆ, ಕುಂಬಳಕಾಯಿ ಸಾರು, ಪಾಯಸ. ಒಂದು ಎಲೆ ಹೆಚ್ಚು, ಅಷ್ಟೇ ತಾನೇ?"

ಎಂಥಾ ಲೆಕ್ಕಾಚಾರ! ಯಾರನ್ನಾದರೂ ಊಟಕ್ಕೆ ಕರೆಯುವುದಾದರೆ, ನಿಮ್ಮ ಮನೆ ತಾನಾಗಿಯೇ ಅವರಿಗೆ ಒಗ್ಗುವ ದಿನ ನೋಡಿ ಕರೆಯಿರಿ. ಖರ್ಚೂ ಉಳಿಯುತ್ತದೆ, ನಾಟಕವೂ ತಪ್ಪುತ್ತದೆ.

ಅಪ್ಪ ಹೋಗಿ, ಅವತ್ತು ಮಾಂಸವಿಲ್ಲವೆಂದು ಹೇಳಿ, ಬಲವಂತ ಮಾಡಿ ಕರೆದು ಬಂದರು. ಸಂಕ್ರಮಣದ ಬೆಳಿಗ್ಗೆ ಟೀಚರ್ ಬಂದೇಬಿಟ್ಟರು. ಕೆಂಪು ರೇಷ್ಮೆ ಸುತ್ತಿ, ಅಜ್ಜಿಯ ಕರಿಮಣಿ ತೊಡಿಸಿ ಕೂರಿಸಿದ್ದ ಸೌತೆಕಾಯಿಯನ್ನು ಕಂಡು, "ಇದೇ ನಿಮ್ಮ ಕಾವೇರಮ್ಮನಾ?" ಎಂದು ಕೈಮುಗಿದರು. ನೆಲ್ಲಿಕಾಯಿ ಉಪ್ಪಿನಕಾಯಿ, ಬೆಲ್ಲದ ಪಾಯಸ, ಕಾದ ಕಾವಲಿಯ ಘಮ ಮನೆ ತುಂಬಿತ್ತು. ಅಜ್ಜಿ ಮೊದಲ ದೋಸೆಯನ್ನು ಟೀಚರ ಎಲೆಗೆ ಹಾಕಿದರು. ಟೀಚರ ಕೈ ದೋಸೆಯ ಹತ್ತಿರ ಹೋಯಿತು, ಅಲ್ಲೇ ನಿಂತಿತು.

"ಬೇಜಾರು ಮಾಡ್ಕೋಬೇಡಿ ಅಜ್ಜಿ. ಶಾಲೇಲಿ ಮಕ್ಕಳು ಹೇಳ್ತಿದ್ರು, ಇಲ್ಲಿ ಕಾವಲಿಗೆ ಹಂದಿ ನೆಣ ಸವರ್ತಾರಂತೆ, ಹೌದಾ?"

ಕಷ್ಟ ಏನೆಂದರೆ, ಮಕ್ಕಳು ಹೇಳಿದ್ದು ನಿಜ. ಮಿಕ್ಕ ದಿನ ಸವರುತ್ತಿದ್ದೆವು. ಹೌದು ಎಂದರೆ ಟೀಚರ್ ಏಳುತ್ತಾರೆ, ಇಲ್ಲ ಎಂದರೆ ಸುಳ್ಳಾಗುತ್ತದೆ, ಇವತ್ತು ಮಾತ್ರ ಇಲ್ಲ ಎಂದರೆ ನಂಬಬೇಕಲ್ಲ.

ಅಜ್ಜಿ ಸೌಟನ್ನು ಕುಕ್ಕಿದರು. "ಕಾವೇರಮ್ಮನ ದಿನ ನನ್ನ ಒಲೆ ಮುಂದೆ ಕೂತು ಕೇಳೋ ಮಾತಾ ಇದು? ಎಪ್ಪತ್ತು ವರ್ಷದ ಮುದುಕಿ ಸುಳ್ಳು ದೋಸೆ ಹುಯ್ತಾಳಾ?"

"ಆಣೆ ಮಾಡಿ ಹೇಳ್ತೇನೆ ಟೀಚರೆ..." ಅಪ್ಪ ತೊದಲಿದರು.

ಟೀಚರ್ ಏಳಲು ಅನುವಾದರು. ಬೆರಳು ಎಲೆಯ ಅಂಚನ್ನು ಮಡಿಸತೊಡಗಿತ್ತು.

ನನಗೆ ಹೊಳೆದದ್ದು ಏಲಕ್ಕಿ ಕೊಳ್ಳಲು ಬರುತ್ತಿದ್ದ ಕೇರಳದ ಕಡೆಯ ಮಾಪಿಳ್ಳೆ ಸಾಹುಕಾರರು. ಮಾಲಿನ ಮೇಲೆ ಅವರಿಗೆ ಅನುಮಾನ ಬಂದರೆ ಇದೇ ಅಪ್ಪ ಆಣೆ ಹಾಕುತ್ತಿರಲಿಲ್ಲ, ಚೀಲವನ್ನೇ ಬೋರಲು ಹಾಕಿ ಸುರಿಯುತ್ತಿದ್ದರು. ಅನುಮಾನ ಬಂದವರ ಎದುರು ಆಣೆ ಹಾಕಬೇಡಿ, ತೋರಿಸಿ. ಇವತ್ತಿಗೂ ನನ್ನ ವ್ಯಾಪಾರ ನಿಂತಿರುವುದು ಈ ಒಂದು ಮಾತಿನ ಮೇಲೆ.

ಟೀಚರ ಕೈ ಹಿಡಿದೆಳೆದೆ. "ಬನ್ನಿ ಟೀಚರೆ, ಹಿತ್ತಿಲಿಗೆ."

ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಎತ್ತಿ ತೋರಿಸಿದೆ. ಹಂದಿ ಬೇಯಿಸುವ ಕರಿ ಮಡಕೆಗಳು, ಮಾಂಸ ಕೊಚ್ಚುವ ಕೊರಡು, ದಿನದ ಕಾವಲಿ, ಬಾಯಿಗೆ ಬಟ್ಟೆ ಬಿಗಿದ ನೆಣದ ಭರಣಿ. ಎಲ್ಲವನ್ನೂ ಅಜ್ಜಿ ಹಿಂದಿನ ದಿನವೇ ಹೊರಗೆ ಹಾಕಿಸಿದ್ದರು. ನಮ್ಮ ನಾಯಿ ಭರಣಿಗೆ ಮೂಗು ತಾಗಿಸಿ, ಪೂಜೆಗೆ ಕೂತಂತೆ ಕೂತಿತ್ತು.

"ಅಜ್ಜಿ ಹುಯ್ತಿರೋ ಕಾವಲಿ ಬೇರೆ ಟೀಚರೆ. ಅದು ವರ್ಷವೆಲ್ಲ ಅಟ್ಟದ ಮೇಲೆ ಇರ್ತದೆ. ಇವತ್ತಿಗೆ ಮಾತ್ರ ಇಳಿಸೋದು."

ಟೀಚರಿಗೆ ನಾಯಿಯನ್ನು ನೋಡಿ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ತುಂಬಿಕೊಂಡರು. ಒಳಗೆ ಬಂದು, "ಅಜ್ಜಿ, ನನಗೋಸ್ಕರ ಇಷ್ಟೆಲ್ಲ ಮಾಡಿದ್ರಾ?" ಎಂದರು.

ಅಜ್ಜಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಿಮಗ್ಯಾಕೆ ಮಾಡ್ಲಿ? ಕಾವೇರಮ್ಮನಿಗೆ ಮಾಡಿದ್ದು. ನೀವು ಬರದೆ ಇದ್ರೂ ಇಷ್ಟೇ ಮಾಡ್ತಿದ್ದೆ."

ಅವ್ವ ತಲೆ ತಗ್ಗಿಸಿದರು. ಎಲ್ಲ ಮುಗಿಯಿತು ಅಂದುಕೊಂಡೆ. ಆದರೆ ಟೀಚರ್ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತರು. ದೋಸೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರು. ಅತಿಥಿಗೆಂದು ಮಾಡಿದ್ದರಲ್ಲಿ ನಟನೆ ಇರಬಹುದು, ದೇವರಿಗೆಂದು ಮಾಡಿದ್ದರಲ್ಲಿ ಇರುವುದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು.

ಅಜ್ಜಿ ಕೇಳದೆಯೇ ಇನ್ನೊಂದು ಹಾಕಿದರು. "ತಿನ್ನಿ. ಗಂಜಿ ಕುಡ್ದು ಕುಡ್ದು ಮೈಯಲ್ಲಿ ಏನ್ ಉಂಟು, ಬರೀ ಮೂಳೆ. ನಿಮ್ಮನ್ನ ನೋಡಿದ್ರೆ ಮಕ್ಕಳು ಪಾಠ ಕಲೀತಾವಾ, ಹೆದರ್ತಾವಾ?"

ಟೀಚರಿಗೆ ನಕ್ಕು ನಕ್ಕು ಪಾಯಸ ನೆತ್ತಿಗೇರಿತು. ಆ ಕೆಮ್ಮು ಕೇಳಿದಾಗ ನನ್ನ ಎದೆಯ ಮೇಲಿದ್ದ ಬಂಡೆ ಇಳಿಯಿತು ನೋಡಿ, ಅಂಥ ಹಗುರ ಆಮೇಲೆ ದೊಡ್ಡ ದೊಡ್ಡ ವ್ಯಾಪಾರ ಕುದುರಿದಾಗಲೂ ಆಗಿಲ್ಲ.

ಹೊರಡುವಾಗ ಅಪ್ಪ ಮೆಲ್ಲಗೆ ಅರ್ಜಿಯ ಮಾತೆತ್ತಿದರು. "ಕಳಿಸಲ್ಲ ಬಿಡಿ," ಎಂದರು ಟೀಚರ್, "ಆದ್ರೆ ಆ ಕಾವಲಿ ಅಟ್ಟ ಹತ್ತಬಾರದು." ಅವರೂ ಚೌಕಾಸಿಯಲ್ಲಿ ಕಮ್ಮಿ ಇರಲಿಲ್ಲ. ಕಾವಲಿ ಕೆಳಗೇ ಉಳಿಯಿತು. ನಾನು ಏಳನೇ ತರಗತಿ ಮುಗಿಸುವವರೆಗೂ ಭಾನುವಾರದ ದೋಸೆ ಅವರಿಗೆ ನಮ್ಮಲ್ಲೇ.

ಈಗ ನಮ್ಮ ಮನೆಗೆ ದುಡ್ಡು ಕೊಟ್ಟು ಉಳಿಯುವ ಅತಿಥಿಗಳು ಬರುತ್ತಾರೆ. ಸಸ್ಯಾಹಾರಿಗಳಿಗೆ ಬೇರೆ ಅಡುಗೆಮನೆ ಕಟ್ಟಿಸಿದ್ದೇನೆ, ಬೋರ್ಡೂ ಹಾಕಿಸಿದ್ದೇನೆ. ಮೊನ್ನೆ ಒಬ್ಬ ಹೆಂಗಸು ತಟ್ಟೆಯನ್ನು ಮೂಸಿ ನೋಡಿ, "ಹಸಿವಿಲ್ಲ ಆಂಟಿ, ತುಂಬಾ ಚೆನ್ನಾಗಿದೆ," ಎಂದು ನಕ್ಕು ಎದ್ದುಹೋದಳು. ಅನುಮಾನ ಅವಳ ಮುಖದಲ್ಲೇ ಕಾಣುತ್ತಿತ್ತು. ಮುಖಕ್ಕೆ ಕೇಳಿದ್ದರೆ ನನಗೂ ಸಿಟ್ಟು ಬರುತ್ತಿತ್ತು, ಜಗಳವಾಗುತ್ತಿತ್ತು, ಬಹುಶಃ ಊಟವೂ ಆಗುತ್ತಿತ್ತು. ಅವಳು ಕೇಳಲಿಲ್ಲ, ಕೇಳದವರಿಗೆ ತೋರಿಸುವುದು ಹೇಗೆ? ನಾನೂ ನಕ್ಕು ತಟ್ಟೆ ಎತ್ತಿದೆ.