ಸ್ಕಾಟ್‌ಲೆಂಡಿನ ಪಂದ್ಯ ಮತ್ತು ಅರ್ಧ ಲೋಟ ಬ್ರಾಂದಿ

ಫೆಬ್ರವರಿ ಬಂತೆಂದರೆ ನಮ್ಮ ಮನೆಯ ಹಾಲ್‌ನಲ್ಲಿ ಯುರೋಪಿನ ಆರು ದೇಶಗಳು ಗುದ್ದಾಡಲು ಶುರುಮಾಡುತ್ತವೆ. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್, ಐರ್ಲೆಂಡ್, ಫ್ರಾನ್ಸ್, ಇಟಲಿ. ಟೀವಿಯಲ್ಲಿ ಪ್ರತಿವರ್ಷದ ರಗ್ಬಿ ಪಂದ್ಯಾವಳಿ. ನನ್ನ ಯಜಮಾನರಿಗೆ ಬೋರ್ಡಿಂಗ್ ಶಾಲೆಯಲ್ಲಿ ಈ ಆಟ ಕಲಿಸಿದ ಮೇಷ್ಟ್ರು ಸ್ಕಾಟ್‌ಲೆಂಡಿನವರಂತೆ. ಹಾಗಾಗಿ ಸುಂಟಿಕೊಪ್ಪದ ಪಕ್ಕದ ಈ ಕಾಫಿ ತೋಟದಲ್ಲಿ ಸ್ಕಾಟ್‌ಲೆಂಡ್ ಸೋತರೆ ಮರುದಿನ ಯಾರೂ ಜೋರಾಗಿ ಮಾತಾಡುವಂತಿಲ್ಲ.

ಅವರ ಜೊತೆ ಓದಿದ ಇಬ್ಬರು ಗೆಳೆಯರೂ ಬರುತ್ತಾರೆ, ಅವರೂ ತೋಟದವರೇ. ನಾನು ಪೋರ್ಕ್ ಫ್ರೈ ಮಾಡಿಡುತ್ತೇನೆ, ಮಡಚಿದ ಬಟ್ಟೆಯ ನ್ಯಾಪ್ಕಿನ್ ಇಡುತ್ತೇನೆ. ಅವರು ಕೈಯನ್ನು ಸೋಫಾದ ಕವರಿಗೆ ಒರೆಸುತ್ತಾರೆ. ಎದುರಿಗೆ ಟೀವಿಯ ತುಂಬ ಗುದ್ದಾಟದಲ್ಲಿ ಜಜ್ಜಿ, ಬೇಯಿಸಿದ ಕೆಸುವಿನ ಗೆಡ್ಡೆಯಂತಾದ ಕಿವಿಗಳು, ವ್ಯಾಸಲೀನ್ ಬಳಿದ ತೊಡೆಗಳು. ಒಬ್ಬ ಆಟಗಾರ ಬಾಯಿಂದ ಹಲ್ಲಿನ ಕವಚ ತೆಗೆದಾಗ ಜೊಲ್ಲಿನ ಎಳೆಯೊಂದು ಗಲ್ಲದವರೆಗೂ ಜೋತಾಡುತ್ತದೆ. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಇಷ್ಟು ವರ್ಷ ನನ್ನ ಅಸಹ್ಯ ಇಷ್ಟಕ್ಕೇ ನಿಂತಿತ್ತು.

ಹೋದ ವರ್ಷ ಸ್ಕಾಟ್‌ಲೆಂಡಿನ ಒಂದು ಪಂದ್ಯದ ದಿನ ತೋಟದಲ್ಲಿ ಕಾಳುಮೆಣಸಿನ ಕೊಯ್ಲು ನಡೆದಿತ್ತು. ಸಂಜೆ ನಾಲ್ಕೂವರೆಗೆ, ತೋಟದ ಲೆಕ್ಕ ನೋಡುವ ರೈಟರ್ ಒಬ್ಬ ಆಳನ್ನು ತೋಳು ಹಿಡಿದು ಹಿತ್ತಲಿಗೆ ಕರೆತಂದರು. ಆಳುಗಳ ಲೈನ್‌ಮನೆಯಲ್ಲಿ ಹೆಂಡತಿಯ ಜೊತೆ ಇರುವವನು, ಒಂಟಿ ಬಿದಿರಿನ ಏಣಿಯನ್ನು ಅವನಷ್ಟು ಸಲೀಸಾಗಿ ಹತ್ತುವವರು ನಮ್ಮಲ್ಲಿಲ್ಲ. ಏಣಿ ಜಾರಿ ಸಿಲ್ವರ್ ಓಕ್ ಮರದ ಬುಡಕ್ಕೆ ಬಿದ್ದಿದ್ದ. ಕಿವಿಯ ಹಿಂದೆ ನಿಂಬೆಹಣ್ಣಿನಷ್ಟು ಊತ. ಅವನು ನಗುತ್ತಲೇ ಇದ್ದ.

"ಏನಿಲ್ಲ ಅಮ್ಮ. ಏಣಿಗೇ ಜಾಸ್ತಿ ಪೆಟ್ಟಾಗಿರೋದು."

ಯಜಮಾನರು ಕಿಟಕಿಯಿಂದಲೇ ಕೂಗಿದರು. "ಒಂದಿಷ್ಟು ಬ್ರಾಂದಿ ಕೊಡೇ ಅವ್ನಿಗೆ. ಸರಿಹೋಗ್ತಾನೆ."

ಇದು ಈ ಮನೆಯ ಪದ್ಧತಿ, ಮಾವನವರ ಕಾಲದ್ದು. ಚಳಿಜ್ವರಕ್ಕೂ ಬ್ರಾಂದಿ, ಮರದಿಂದ ಬಿದ್ದರೂ ಬ್ರಾಂದಿ. ತಲೆಗೆ ಪೆಟ್ಟಾದವರ ಬಾಯಿಗೆ ಏನನ್ನೂ ಹಾಕಬಾರದು ಎಂದು ಕಾನ್ವೆಂಟಿನ ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಸಿಸ್ಟರ್ ನಮ್ಮಿಂದ ಹತ್ತು ಸಲ ಹೇಳಿಸಿದ್ದರು. ಅದು ಆ ಹೊತ್ತಿಗೆ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೂ ಸ್ಟೀಲಿನ ಲೋಟಕ್ಕೆ ಅರ್ಧದಷ್ಟು ಬಗ್ಗಿಸಿ, ಬಿಸಿನೀರು, ಸಕ್ಕರೆ ಬೆರೆಸಿ ಕೊಟ್ಟೆ. ಒಲೆಯ ಮೇಲೆ ಪೋರ್ಕ್ ಇತ್ತು. ಅವನು ಒಂದೇ ಉಸಿರಿಗೆ ಕುಡಿದು, ಲೋಟವನ್ನು ನಲ್ಲಿಯಲ್ಲಿ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋದ.

ಎಂಟು ಗಂಟೆಯ ಹೊತ್ತಿಗೆ ಪಂದ್ಯ ಬಿಸಿಯೇರಿತ್ತು. ಸ್ಕಾಟ್‌ಲೆಂಡಿನ ಒಬ್ಬನ ತಲೆ ಎದುರಾಳಿಯ ಮೊಣಕಾಲಿಗೆ ಬಡಿಯಿತು. ಎದ್ದು ನಿಂತ, ಕಾಲು ಸೊಟ್ಟಗಾಯಿತು. ಅವನನ್ನು ಹೊರಗೆ ಕರೆದೊಯ್ದರು.

"ಪಾಪ ಕಣೋ," ಎಂದರು ಯಜಮಾನರು. ಕಣ್ಣು ಒದ್ದೆಯಾಗಿತ್ತು. "ತಲೆ ಏಟು, ರಿಸ್ಕ್ ತಗೋಬಾರ್ದು. ಹನ್ನೆರಡು ನಿಮಿಷ ಡಾಕ್ಟರ್ ಪಕ್ಕದಲ್ಲೇ ಕೂತು ಟೆಸ್ಟ್ ಮಾಡ್ತಾರೆ ಗೊತ್ತಾ?"

"ಮನುಷ್ಯತ್ವ ಅಂದ್ರೆ ಅದು," ಎಂದರು ಒಬ್ಬ ಗೆಳೆಯರು, ಮೂಳೆ ಚೀಪುತ್ತ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ಬಡಿದ ಸದ್ದಾಯಿತು. ಬಿದ್ದವನ ಹೆಂಡತಿ, ಹಿಂದೆ ರೈಟರ್.

"ಅಮ್ಮಾ, ಅವ್ರು ವಾಂತಿ ಮಾಡ್ತಾನೇ ಇದ್ದಾರೆ. ನನ್ನ ನೋಡಿ ನೀ ಯಾರು ಅಂತ ಕೇಳ್ತಾರಮ್ಮಾ."

ನಾನು ಹಾಲ್‌ಗೆ ಹೋಗಿ ಹೇಳಿದೆ. ಯಜಮಾನರು ಟೀವಿಯಿಂದ ಕಣ್ಣು ತೆಗೆಯಲಿಲ್ಲ.

"ಬ್ರಾಂದಿ ಏರಿದೆ ಅಷ್ಟೆ. ಮಲಗ್ಲಿ ಬಿಡು."

"ರೀ, ಅರ್ಧ ಲೋಟಕ್ಕೆ ಹೆಂಡ್ತಿ ಮರ್ತುಹೋಗ್ತಾಳಾ?"

"ಪುಣ್ಯವಂತ!" ಎಂದರು ಇನ್ನೊಬ್ಬ ಗೆಳೆಯರು. "ನಮಗೆ ಫುಲ್ ಬಾಟ್ಲಿ ಹಾಕಿದ್ರೂ ಮರೆಯಲ್ವಲ್ಲ ಅತ್ತಿಗೆ." ಮೂವರೂ ನಕ್ಕರು. ನಗುವಾಗ ಯಜಮಾನರ ಹಲ್ಲಿನ ಸಂದಿಯಲ್ಲಿ ಮಾಂಸದ ನಾರು ಕಂಡಿತು.

"ಹಾಫ್ ಟೈಮ್ ಆಗ್ಲಿ, ಬಂದು ನೋಡ್ತೀನಿ," ಎಂದರು.

ಆ ಹಲ್ಲು, ಆ ನಾರು. ತಟ್ಟೆಗಳ ನಡುವಿನಿಂದ ಕಾರಿನ ಕೀ ತೆಗೆದುಕೊಂಡೆ. ಎಣ್ಣೆಗೆ ಜಿಡ್ಡಾಗಿತ್ತು, ಸೆರಗಿಗೆ ಒರೆಸಿಕೊಂಡೆ.

ಮಡಿಕೇರಿಯ ತಿರುವುಗಳಲ್ಲಿ ನಾನು ಯಾವತ್ತೂ ಅಷ್ಟು ಜೋರಾಗಿ ಓಡಿಸಿರಲಿಲ್ಲ. ಪಕ್ಕದಲ್ಲಿ ರೈಟರ್ ಕುಳಿತಿದ್ದರು, ಹಿಂದಿನ ಸೀಟಿನಲ್ಲಿ ಬಿದ್ದವನ ತಲೆ ಹೆಂಡತಿಯ ಮಡಿಲಲ್ಲಿತ್ತು. ಅವನು ಎರಡು ಸಲ ಕಕ್ಕಿದ. ಕಾರೆಲ್ಲ ಹುಳಿ ನಾತ, ಅದರ ಒಳಗೆ ಸಿಹಿಯಾಗಿ ನನ್ನ ಬ್ರಾಂದಿಯ ವಾಸನೆ. ಅವಳು ಸೀಟು ಹಾಳಾಯಿತೆಂದು ಸೆರಗಿನಿಂದ ಒರೆಸುತ್ತಲೇ ಇದ್ದಳು. "ಬಿಡೇ, ಅವ್ನ ತಲೆ ಹಿಡ್ಕೋ," ಎಂದು ಮೊದಲ ಸಲ ಅವಳನ್ನು ಗದರಿದೆ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಗ್ಗಿ ಮೂಸಿ ಮುಖ ಹಿಂದಕ್ಕೆ ತೆಗೆದರು. "ಕುಡಿದು ಬಿದ್ದಿರೋದಾ?"

ರೈಟರ್ ನೆಲ ನೋಡಿದರು. ಅವನ ಹೆಂಡತಿ ನನ್ನ ಮುಖ ನೋಡಿದಳು. ನಾನು ಹೇಳದಿದ್ದರೆ ಅವಳು ಹೇಳುತ್ತಿರಲಿಲ್ಲ.

"ಇಲ್ಲ ಡಾಕ್ಟ್ರೆ. ಬಿದ್ದ ಮೇಲೆ ಕುಡಿದಿದ್ದು. ನಾನೇ ಕೊಟ್ಟೆ. ಬಿದ್ದಿದ್ದು ನಾಲ್ಕೂವರೆಗೆ."

ಅವರು ಗಡಿಯಾರ ನೋಡಿದರು, ನನ್ನನ್ನೂ ನೋಡಿದರು. ಬೈಯಲಿಲ್ಲ. ಅವನ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಸ್ಕ್ಯಾನ್ ಆಯಿತು, ತಲೆಯೊಳಗೆ ರಕ್ತ ಕಟ್ಟಿದೆ ಎಂದರು, ಆಂಬುಲೆನ್ಸ್ ಮೈಸೂರಿಗೆ ಹೊರಟಿತು. ಯಜಮಾನರ ಫೋನ್ ಬಂತು. ಸ್ಕಾಟ್‌ಲೆಂಡ್ ಸೋತಿತ್ತು. ಚಪಾತಿ ಎಲ್ಲಿಟ್ಟಿದ್ದೀಯ ಎಂದು ಕೇಳಿದರು.

ಆಪರೇಷನ್ ಆಗಿ ಅವನು ಬದುಕಿದ. ಏಣಿ ಹತ್ತಲಾರ, ಈಗ ಕಣದಲ್ಲಿ ಮೆಣಸು ಹರವುತ್ತಾನೆ, ಎಡಗೈ ಸ್ವಲ್ಪ ನಡುಗುತ್ತದೆ. ಈ ಫೆಬ್ರವರಿಯಲ್ಲಿ ನಾನು ಪೋರ್ಕ್ ಮಾಡುವುದಿಲ್ಲ ಎಂದೆ. ಪಂದ್ಯ ಗೆಳೆಯರ ಮನೆಗೆ ಹೋಯಿತು. ಜಗಳವೇನೂ ಆಗಲಿಲ್ಲ.

ಮೊನ್ನೆ ಕಣದ ಹತ್ತಿರ ಹೋದಾಗ ಅವನು ಕುಳಿತಲ್ಲಿಂದ ಎದ್ದು ಕೈ ಮುಗಿದ.

"ನೀವು ಆವತ್ತು ಬಿಸಿಬಿಸಿ ಬ್ರಾಂದಿ ಕೊಟ್ರಲ್ಲ ಅಮ್ಮ, ಅದ್ರಿಂದ್ಲೇ ಜೀವ ನಿಂತಿದ್ದು. ಲೈನಲ್ಲಿ ಎಲ್ರಿಗೂ ಹೇಳಿದ್ದೀನಿ."

"ಇಲ್ಲಪ್ಪ. ಅದನ್ನ ಕೊಟ್ಟಿದ್ದೇ ತಪ್ಪು. ಬೇರೆ ಯಾರಾದ್ರೂ ಬಿದ್ರೆ ಕುಡಿಸ್ಬೇಡಿ, ಮೊದ್ಲು ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಅವನು ನಕ್ಕ. ದೊಡ್ಡವರು ಹಾಗೇ ಹೇಳುವುದು ಎಂಬ ನಗು. ಬೇಲಿಯ ಆಚೆ ನಿಂತಿದ್ದ ಯಜಮಾನರು ಕೇಳಿಸಿಕೊಂಡು ಹತ್ತಿರ ಬಂದರು.

"ನೋಡ್ದ್ಯಾ?" ಎಂದರು, ಖುಷಿಯಿಂದ.